ಅಪ್ಪನ ಹದಿನೈದು ನಿಮಿಷ

"'ನಲವತ್ತೈದನೇ ಹಂತದ ತನಕ ಈ ಆಟ ನಮ್ಮ ಬೆವರಿಳಿಸುತ್ತದೆ,'" ಎಂದು ವಿಮರ್ಶೆಯ ಸಾಲು ಓದಿ ಕಂಪನಿಯ ಯಜಮಾನರು ನಿಲ್ಲಿಸಿದರು. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು. ಮುಂದಿನ ಸಾಲು ಏನೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆಯಿಂದ ಒಬ್ಬೊಬ್ಬರೂ ತಮ್ಮ ತಮ್ಮ ಮೊಬೈಲಿನಲ್ಲಿ ಕದ್ದು ಕದ್ದು ಓದಿಕೊಂಡಿದ್ದರು. ಆದರೂ ಯಜಮಾನರು ಓದಿದರು. "'ಆಮೇಲೆ ಏನಾಗುತ್ತದೋ ಕಾಣೆ. ಒಗಟುಗಳು ಒಂದೊಂದಾಗಿ ಸಡಿಲಗೊಳ್ಳುತ್ತವೆ. ಎಂಬತ್ತು ದಾಟಿದ ಮೇಲಂತೂ ಇದನ್ನು ಮಾಡಿದವರು ತಮ್ಮದೇ ಆಟದ ನಿಯಮ ಮರೆತವರಂತೆ ಕಾಣುತ್ತಾರೆ. ಕೊನೆಯ ಹತ್ತು ಹಂತಗಳನ್ನು ನಮ್ಮ ಮನೆಯ ಬೆಕ್ಕಿನ ಮುಂದಿಟ್ಟೆ. ಅದು ಬೇಜಾರಾಗಿ ಎದ್ದು ಹೋಯಿತು.' ಹತ್ತಕ್ಕೆ ಐದೂವರೆ."

ಹೊಸದಾಗಿ ಸೇರಿದ ಹುಡುಗಿ ಬೆಕ್ಕಿನ ಮಾತಿಗೆ ನಕ್ಕುಬಿಟ್ಟು, ಕೆಮ್ಮಿದಂತೆ ಮಾಡಿದಳು.

ಆ ನೂರು ಹಂತಗಳನ್ನು ಹೆಣೆದವಳು ಮೇಜಿನ ಇನ್ನೊಂದು ತುದಿಯಲ್ಲಿ ಕೂತಿದ್ದಳು. ಎದುರಿಗೆ ಚೌಕುಳಿ ಹಾಳೆಯ ದಪ್ಪ ಪುಸ್ತಕ. ಅದರ ರಟ್ಟಿನ ಮೇಲೆ ಏಳು ವರ್ಷದ ಮಗಳು ಎಂದೋ ಅಂಟಿಸಿದ್ದ ಚಿಟ್ಟೆಯ ಚೀಟಿ ಅರ್ಧ ಕಿತ್ತುಬಂದಿತ್ತು. ಅವಳು ಆ ಅರ್ಧ ಚಿಟ್ಟೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಬ್ಯಾಟರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಂಬತ್ತು ಜನ ಸೇರಿ ಒಂದೂವರೆ ವರ್ಷ ಮಾಡಿದ ಆಟ ಅದು. ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರಕ್ಕೆಂದು ಮಾಡಿದ್ದು, ಹೆಸರು 'ಗೋಡೌನ್'. ಪರದೆಯ ಮೇಲೆ ಒಂದು ಗೋದಾಮು, ಒಂದು ಲಾರಿ, ಒಂದಷ್ಟು ಪೆಟ್ಟಿಗೆ, ಒಬ್ಬ ಹಮಾಲ. ಹಮಾಲ ಪೆಟ್ಟಿಗೆಗಳನ್ನು ತಳ್ಳಬಲ್ಲ, ಎಳೆಯಲಾರ. ಗಾಜಿನ ಮೇಲೆ ಭಾರ ಇಡುವಂತಿಲ್ಲ. ದಾರಿಯಲ್ಲಿ ಮೊದಲು ಇಳಿಸಬೇಕಾದ್ದನ್ನು ಕೊನೆಗೆ ಹತ್ತಿಸಬೇಕು. ಅಷ್ಟೇ ನಿಯಮ. ಆಟಗಾರ ಏನೂ ತೋಚದೆ ಸುಮ್ಮನಿದ್ದರೆ ಹಮಾಲ ಸ್ವಲ್ಪ ಹೊತ್ತು ಕಾದು, ಪೆಟ್ಟಿಗೆಯೊಂದರ ಮೇಲೆ ಕೂತು, ಹೆಗಲ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾನೆ. ಬಂದ ಎಲ್ಲಾ ವಿಮರ್ಶೆಗಳೂ ಮೆಚ್ಚಿದ್ದು ಇದೊಂದನ್ನು.

"ಒಟ್ಟು ಸರಾಸರಿ ನೂರಕ್ಕೆ ಅರವತ್ತೊಂದು," ಎಂದರು ಯಜಮಾನರು. "ಆಟ ಮಾರೋ ಕಂಪನಿಯವರು ಎಪ್ಪತ್ತೈದು ಬರಲಿ, ಎರಡನೇ ಆಟಕ್ಕೆ ಕೈ ಹಾಕೋಣ ಅಂದಿದ್ರು. ಪಜಲ್ ಗೇಮ್ ಅಂದ್ರೆ ಸುಲಭದಿಂದ ಕಷ್ಟಕ್ಕೆ ಹೋಗುತ್ತೆ. ಕಷ್ಟದಿಂದ ಸುಲಭಕ್ಕೆ ಹೋಗೋದನ್ನ ಯಾರಾದ್ರೂ ಕಂಡಿದ್ದೀರೇನ್ರಯ್ಯ?"

ಯಜಮಾನರು ಆಡಿದ್ದು ಮೊದಲ ಇಪ್ಪತ್ತು ಹಂತ ಮಾತ್ರ, ಅದೂ ಬಂದವರಿಗೆ ತೋರಿಸಲೆಂದು. ಉಳಿದವರು ಆಟ ನಡುವೆ ನಿಂತುಹೋಗುತ್ತದೆಯೇ, ಬಣ್ಣ ಸರಿಯಿದೆಯೇ, ಸದ್ದು ಸರಿಯಿದೆಯೇ ಎಂದು ನೋಡಿದ್ದರೇ ಹೊರತು, ಆಟ ಹೇಗಿದೆ ಎಂದು ನೋಡಿರಲಿಲ್ಲ. ಅದನ್ನು ನೋಡಲು ಬೇರೊಬ್ಬರಿದ್ದರು.

ಗೂಬೆ ತನ್ನ ಕಂಪ್ಯೂಟರನ್ನು ಗೋಡೆಯ ದೊಡ್ಡ ಪರದೆಗೆ ಸಿಕ್ಕಿಸಿದ. ದುಂಡು ಕನ್ನಡಕ ಹಾಕಿಕೊಂಡು ರಾತ್ರಿಯೆಲ್ಲಾ ಪ್ರೋಗ್ರಾಂ ಬರೆಯುತ್ತಿದ್ದುದರಿಂದ ಅವನಿಗೆ ಆ ಹೆಸರು. ಅವನ ಹೆಂಡತಿಯೂ ಫೋನ್ ಮಾಡಿದಾಗ "ಗೂಬೆ ಇದೆಯಾ?" ಎಂದೇ ಕೇಳುತ್ತಿದ್ದಳಂತೆ. ನೂರು ಹಂತಗಳನ್ನೂ ಕಂಪ್ಯೂಟರೇ ಆಡಿ, ಒಂದೊಂದಕ್ಕೂ ಕಡಿಮೆಯೆಂದರೆ ಎಷ್ಟು ಸಲ ತಳ್ಳಬೇಕು ಎಂದು ಹೇಳುವ ಪ್ರೋಗ್ರಾಂ ಒಂದನ್ನು ಅವನು ನಿನ್ನೆ ಬರೆದಿದ್ದ. ಗೋಡೆಯ ಮೇಲೆ ಗೆರೆಯೊಂದು ಮೂಡಿತು. ಎಡದಿಂದ ಮೆಲ್ಲಗೆ ಏರಿ, ನಲವತ್ತನಾಲ್ಕರಲ್ಲಿ ತುದಿ ಮುಟ್ಟಿ, ನಲವತ್ತಾರರಿಂದ ಇಳಿಯತೊಡಗಿ, ನೂರನೆಯದರಲ್ಲಿ ಹೆಚ್ಚುಕಡಿಮೆ ನೆಲಕ್ಕೇ ಬಂದಿತ್ತು. ಇಳಿಜಾರಿನಲ್ಲಿ ಎಲ್ಲೂ ತಿರುವಿಲ್ಲ, ಜಿಗಿತವಿಲ್ಲ.

"ಇದನ್ನ ಮುಂಚೆನೇ ಬರೀಬಾರದಿತ್ತೇನಪ್ಪಾ, ಮಹಾನುಭಾವ?"

"ಮುಂಚೆ ಯಾರೂ ಕೇಳ್ಲಿಲ್ಲ ಸರ್," ಎಂದ ಗೂಬೆ. "ಅಕ್ಕನ ಹತ್ರ ಅವರಪ್ಪ ಇದ್ರಲ್ಲ."

ಎಲ್ಲರೂ ಅವಳತ್ತ ತಿರುಗಿದರು.

"ನಿಮ್ಮ ತಂದೆಯವರ ಟೈಮು ಎಷ್ಟಿತ್ತಮ್ಮಾ?" ಯಜಮಾನರು ಕೇಳಿದರು.

"ಹದಿನೈದು ನಿಮಿಷ."

"ಯಾವುದಕ್ಕೆ?"

"ಎಲ್ಲಾದಕ್ಕೂ."

"ಕೊನೇದಕ್ಕೂ?"

"ಕೊನೇದಕ್ಕೂ," ಎಂದಳು. ಬಾಯಿಂದ ಆ ಮಾತು ಹೊರಬಿದ್ದ ಮೇಲೆ ಅದು ಅವಳಿಗೂ ಕೇಳಿಸಿತು. ಅವಳು ಗೋಡೆಯ ಮೇಲಿನ ಗೆರೆಯನ್ನು ಇನ್ನೊಂದು ಸಲ ನೋಡಿದಳು. ಕೆರೆಯುತ್ತಿದ್ದ ಉಗುರು ನಿಂತಿತು.

ಅಪ್ಪ ಮೂವತ್ನಾಲ್ಕು ವರ್ಷ ಗೋದಾಮಿನಲ್ಲಿ ಲಾರಿಗಳಿಗೆ ಸರಕು ಹತ್ತಿಸುವ ಮೇಲ್ವಿಚಾರಕನಾಗಿದ್ದವನು. ಖಾಲಿ ಲಾರಿಯನ್ನೊಮ್ಮೆ, ನೆಲದ ಮೇಲಿನ ರಾಶಿಯನ್ನೊಮ್ಮೆ ನೋಡಿ, "ಹಿಡಿಸುತ್ತೆ, ಹಾಕ್ರೋ" ಅಂದನೆಂದರೆ ಹಿಡಿಸಿಯೇ ತೀರುತ್ತಿತ್ತು. ಆಟ ಹುಟ್ಟಿದ್ದೇ ಅವನಿಂದ. ಪರೀಕ್ಷೆಗೆ ಜನ ಇಡುವಷ್ಟು ದುಡ್ಡು ಕಂಪನಿಯಲ್ಲಿ ಇಲ್ಲವೆಂದಾಗ ಅವಳಿಗೆ ಹೊಳೆದ ಉಪಾಯವೂ ಅವನೇ. ಲೆಕ್ಕಾಚಾರ ಸರಳವಾಗಿತ್ತು: ಪ್ರತಿಯೊಂದು ಹಂತವೂ ಅಪ್ಪನಿಗೆ ಹದಿನೈದು ನಿಮಿಷ ಹಿಡಿಯಬೇಕು. ಬೇಗ ಮುಗಿಸಿದರೆ ಒಂದು ಪೆಟ್ಟಿಗೆ ಸೇರಿಸುವುದು, ತಡವಾದರೆ ಒಂದು ತೆಗೆಯುವುದು. ಆಡುತ್ತಾ ಆಡುತ್ತಾ ಅಪ್ಪನ ಕೈ ಪಳಗುತ್ತದೆ, ಹಾಗಾಗಿ ಹದಿನೈದು ನಿಮಿಷವನ್ನು ಕದಲಿಸದೆ ಇಟ್ಟುಕೊಂಡರೆ ಆಟ ತಾನಾಗಿಯೇ ಕಠಿಣವಾಗುತ್ತಾ ಹೋಗುತ್ತದೆ. ಎಷ್ಟು ಒಳ್ಳೆಯ ಉಪಾಯ ಎಂದು ಯಜಮಾನರೇ ಬೆನ್ನು ತಟ್ಟಿದ್ದರು. ಆಫೀಸಿನಲ್ಲಿ ಯಾರಾದರೂ ಊಟದಿಂದ ತಡವಾಗಿ ಬಂದರೆ "ಅಪ್ಪನ ಹದಿನೈದು ನಿಮಿಷ ಆಯ್ತಾ?" ಎಂದು ಚುಡಾಯಿಸುವುದು ರೂಢಿಯಾಗಿತ್ತು.

ಅವಳು ಪುಸ್ತಕ ತೆರೆದು ನಲವತ್ತಾರರ ಪುಟ ಹುಡುಕಿದಳು. ಅಲ್ಲಿ ಅವಳದೇ ಅಕ್ಷರ: '31 ನಿಮಿಷ. ಅಪ್ಪನಿಗೆ ನೆಗಡಿ.' ಎರಡು ಪೆಟ್ಟಿಗೆಗಳ ಮೇಲೆ ಕಾಟು. ಕೆಳಗೆ, '15.' ನಲವತ್ತೊಂಬತ್ತು: '26. ಸೆಕೆ.' ಐವತ್ತೆರಡು: '28. ಕನ್ನಡಕ ಬದಲಿಸಬೇಕು.' ಕನ್ನಡಕ ಬದಲಿಸಿದ್ದೂ ಆಗಿತ್ತು. ಐವತ್ತೇಳು: 'ಪಕ್ಕದ ಮನೆಯ ಟಿ.ವಿ. ಗಲಾಟೆ.' ಅರವತ್ತೆರಡು: 'ರಾತ್ರಿ ನಿದ್ದೆಯಿಲ್ಲವಂತೆ.' ಎಪ್ಪತ್ತರ ನಂತರ ಕಾರಣ ಬರೆಯುವುದನ್ನೂ ಬಿಟ್ಟಿದ್ದಳು. ಬರೀ ಕಾಟು, ಬರೀ ಹದಿನೈದು. ಆ ಹೊತ್ತಿಗೆ ಗಂಡನಿಗೆ ಎರಡನೇ ಪಾಳಿ, ಮಗಳಿಗೆ ಪರೀಕ್ಷೆ, ಆಟ ಒಪ್ಪಿಸುವ ದಿನ ತಲೆಯ ಮೇಲೆ. ಅವಳು ಒಗಟನ್ನು ನೋಡುವುದನ್ನು ಬಿಟ್ಟು ಗಡಿಯಾರವನ್ನು ಮಾತ್ರ ನೋಡುತ್ತಿದ್ದಳು. ತೊಂಬತ್ತರ ಸುಮಾರಿಗೆ ಮಗಳು ಯಂತ್ರ ಕಿತ್ತುಕೊಂಡು, "ತಾತನಿಗಿಂತ ನಾನೇ ಫಾಸ್ಟ್!" ಎಂದು ಒಂದೇ ನಿಮಿಷದಲ್ಲಿ ಮುಗಿಸಿ ತೋರಿಸಿದಾಗ, ಮಗಳು ಜಾಣೆ ಎಂದು ಹಿಗ್ಗಿ ಗಂಡನಿಗೆ ಮೆಸೇಜು ಕಳಿಸಿದ್ದಳು.

ನೂರನೇ ಪುಟದಲ್ಲಿ ಮೂರೇ ಪೆಟ್ಟಿಗೆಗಳಿದ್ದವು. ನೇರ ದಾರಿ.

"ಮಗಳ ಕೆಲಸ ಅಂತ ಪ್ರೀತಿಗೆ ನಿಧಾನಕ್ಕೆ ಆಡಿರ್ತಾರೆ ಬಿಡಿ," ಎಂದರು ಯಜಮಾನರು. "ಈಗ ಅದಲ್ಲ ಮುಖ್ಯ. ಇಲ್ಲಿ ಕೇಳಿ." ಅವರು ಮೊಬೈಲಿನ ಮೇಲೆ ಬೆರಳಾಡಿಸಿ ಇನ್ನೊಂದು ವಿಮರ್ಶೆ ತೆಗೆದರು. ನೂರಕ್ಕೆ ತೊಂಬತ್ತೆರಡು ಕೊಟ್ಟ ಒಂದೇ ಒಂದು ವಿಮರ್ಶೆ. "'ಎಲ್ಲರೂ ಇದನ್ನು ದೋಷ ಎನ್ನುತ್ತಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಹಿಡಿದ ಕೈಯನ್ನು ಮೆಲ್ಲಮೆಲ್ಲಗೆ ಬಿಡಿಸಿಕೊಳ್ಳುವ ಆಟ ಇದು. ಕೊನೆಯ ಹಂತದಲ್ಲಿ ಮೂರು ಪೆಟ್ಟಿಗೆ ತಳ್ಳಿ ಮುಗಿಸಿದಾಗ, ಯಾಕೋ ಗೊತ್ತಿಲ್ಲ, ನನಗೆ ಅಳು ಬಂತು.' ನೋಡಿದ್ರಾ? ಅಳು ಬಂತಂತೆ! ಇವರು ಮಧ್ಯಾಹ್ನ ಫೋನ್ ಮಾಡ್ತಾರೆ, ನಿಮ್ಮ ಹತ್ರ ಮಾತಾಡ್ಬೇಕಂತೆ. ಬೇಕಂತಲೇ ಮಾಡಿದ್ದು ಅಂತ ಹೇಳಿಬಿಡಿ."

"ಬೇಕಂತ ಮಾಡಿದ್ದಲ್ಲ ಸರ್."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಇವರೊಬ್ಬರು ಬರೆದ್ರೆ ಉಳಿದೋರು ಇನ್ನೊಂದು ಸಲ ಆಡಿ ನೋಡ್ತಾರೆ. ಇವತ್ತು ಬೈದೋನು ನಾಳೆ, 'ನನಗೂ ಆವತ್ತೇ ಹಂಗನ್ನಿಸಿತ್ತು' ಅಂತಾನೆ." ಯಜಮಾನರು ದನಿ ತಗ್ಗಿಸಿದರು. "ಎರಡನೇ ಆಟ ನಿಮ್ಮ ಕೈಗೇ ಕೊಡ್ತೀನಿ. ಇಲ್ಲಾಂದ್ರೆ, ಮುಂದಿನ ತಿಂಗಳಿಂದ ಯಾರನ್ನ ಇಟ್ಕೊಳ್ಳೋದು ಯಾರನ್ನ ಬಿಡೋದು ಅಂತ ನಾನೂ ನೋಡ್ಬೇಕಾಗುತ್ತಮ್ಮಾ. ನನಗೇನು ಖುಷಿನಾ?"

ಅವಳು ಆಗ ಯೋಚಿಸಿದ್ದು ವಿಮರ್ಶೆಯ ಬಗ್ಗೆಯಲ್ಲ. ಶಾಲೆ ಬಿಡುವುದು ಮೂರೂವರೆಗೆ. ಮಗಳನ್ನು ಕರೆತರುವವನು ಅಪ್ಪ. ಎರಡು ದೊಡ್ಡ ರಸ್ತೆ ದಾಟಬೇಕು. ಹೋದ ತಿಂಗಳು ಅವನು ಒಂದು ಮಹಡಿ ಕೆಳಗಿನ ಮನೆಯ ಕರೆಗಂಟೆ ಒತ್ತಿ, ಬಾಗಿಲು ತೆರೆದವರಿಗೆ "ನಮ್ಮನೇಲಿ ನಿಮಗೇನ್ರೀ ಕೆಲಸ?" ಎಂದು ಜಗಳಕ್ಕೆ ನಿಂತಿದ್ದ. ಆ ಕಥೆಯನ್ನು ಅವಳು ಆಫೀಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದಳು. ಇನ್ನು ಮುಂದೆ ಮನೆಯಲ್ಲಿ ಯಾರನ್ನಾದರೂ ಇಡಬೇಕು. ಮಗಳಿಗೆ ಒಬ್ಬರು, ಅಪ್ಪನಿಗೆ ಒಬ್ಬರು. ಕೆಲಸ ಕಳೆದುಕೊಳ್ಳಲು ಇದಕ್ಕಿಂತ ಕೆಟ್ಟ ತಿಂಗಳು ಇರಲಾರದು.

ಎರಡು ಗಂಟೆಗೆ ಫೋನ್ ಬಂತು. ಎಳೆಯ ದನಿ, ಉತ್ಸಾಹದಲ್ಲಿ ತಡವರಿಸುತ್ತಿತ್ತು. ಯಜಮಾನರು ಎದುರಿನ ಕುರ್ಚಿಯಲ್ಲಿ ಕೂತು, ಹೇಳಿ ಹೇಳಿ ಎಂದು ಕೈಸನ್ನೆ ಮಾಡುತ್ತಿದ್ದರು.

"ಮೇಡಂ, ಮೊದಲು ಇದೊಂದು ಹೇಳಿ. ಬೇಕಂತಲೇ ಮಾಡಿದ್ದು ತಾನೆ?"

"ಹೌದು."

"ನಾನು ಅಂದ್ಕೊಂಡೆ! ಎಲ್ಲರೂ ನನಗೆ ತಲೆಕೆಟ್ಟಿದೆ ಅಂದ್ರು. ಅದು ಯಾವ ಲೆವೆಲ್ಲಿಂದ ಶುರು? ಐವತ್ತಾ?"

"ನಲವತ್ತಾರು."

"ಅಲ್ಲಿಂದಲೇ ಯಾಕೆ?"

"ಅಲ್ಲಿಂದಲೇ ಶುರುವಾಗಿದ್ದು," ಎಂದಳು ಅವಳು. ಸುಳ್ಳು ಹೇಳಲೆಂದು ಕೂತವಳು ಹೇಳಿದ ಈ ಮಾತು ಸುಳ್ಳಾಗಿರಲಿಲ್ಲ.

"ಆಡೋರಿಗೆ ಇದು ಗೊತ್ತಾಗಬಾರದು ಅನ್ನೋದು ನಿಮ್ಮ ಉದ್ದೇಶ ಆಗಿತ್ತಾ?"

"ಆಡೋರಿಗೆ ಗೊತ್ತಾಗಲ್ಲ. ಪಕ್ಕದಲ್ಲೇ ಕೂತಿರೋರಿಗೂ ಗೊತ್ತಾಗಲ್ಲ."

"ಅಬ್ಬಾ," ಎಂದಿತು ಆ ಕಡೆಯ ದನಿ. "ಇರಿ ಇರಿ, ಇದನ್ನ ಬರ್ಕೊಳ್ತೀನಿ. ಪಕ್ಕದಲ್ಲೇ... ಕೂತಿರೋರಿಗೂ..."

ಯಜಮಾನರು ಎರಡೂ ಹೆಬ್ಬೆರಳೆತ್ತಿ ತೋರಿಸಿದರು.

ಸಂಜೆ ಮೆಟ್ಟಿಲಿಳಿಯುವಾಗ ಗೂಬೆ ಹಿಂದೆಯೇ ಬಂದ. ಬ್ಯಾಟರಿ ಅಂಗಡಿಯ ಮುಂದೆ ನಿಂತು, ಏನೋ ಹೇಳಬೇಕೆಂದು ಬ್ಯಾಗಿನ ಪಟ್ಟಿಯನ್ನು ಎಳೆದೆಳೆದು ಸರಿಮಾಡಿಕೊಂಡ. ಪರದೆಯ ಹಮಾಲನಿಗೆ ಕೂರುವುದನ್ನೂ ಮುಖ ಒರೆಸಿಕೊಳ್ಳುವುದನ್ನೂ ಕಲಿಸಿದವನು ಅವನೇ. ಅದಕ್ಕಾಗಿ ಒಂದು ಭಾನುವಾರ ಅವಳ ಮನೆಗೆ ಬಂದು ಅಪ್ಪನ ವಿಡಿಯೊ ತೆಗೆದುಕೊಂಡು ಹೋಗಿದ್ದ.

"ಅಕ್ಕ, ಆ ಗೆರೆನ ನಾನು ಅಳಿಸಿಬಿಟ್ಟೆ. ಯಾರ ಹತ್ರನೂ ಕಾಪಿ ಇಲ್ಲ."

"ಯಾಕೆ ಅಳಿಸ್ದೆ?" ಎಂದಳು. "ನನಗೆ ಬೇಕಿತ್ತು. ಡಾಕ್ಟರಿಗೆ ತೋರಿಸೋಕೆ."

ಬಸ್‌ಸ್ಟಾಪಿನಲ್ಲಿ ನಿಂತು ಅಣ್ಣನಿಗೆ ಫೋನ್ ಮಾಡಿದಳು. ಅಣ್ಣ ಬೇರೆ ಊರಿನಲ್ಲಿದ್ದ. ಆರು ತಿಂಗಳ ಹಿಂದೆ ಅವನು, "ಅಪ್ಪ ಒಂದೇ ದಿನ ಮೂರು ಸಲ ಫೋನ್ ಮಾಡಿ ಒಂದೇ ವಿಷಯ ಕೇಳ್ದ ಕಣೇ, ಡಾಕ್ಟರ ಹತ್ರ ಕರ್ಕೊಂಡು ಹೋಗು," ಎಂದಾಗ ಇಬ್ಬರಿಗೂ ದೊಡ್ಡ ಜಗಳವಾಗಿತ್ತು. ದೂರದಲ್ಲಿ ಕೂತು ಉಪದೇಶ ಹೇಳುವುದು ಸುಲಭ ಎಂದಿದ್ದಳು. ಪುಸ್ತಕದ ಪುಟಗಳ ಫೋಟೊ ತೆಗೆದು ಕಳಿಸಿದ್ದಳು: ನೋಡು, ಎಪ್ಪತ್ತೊಂದಕ್ಕೆ ಹದಿನೈದು, ಎಪ್ಪತ್ತೆರಡಕ್ಕೆ ಹದಿನೈದು, ಎಪ್ಪತ್ಮೂರಕ್ಕೆ ಹದಿನೈದು. ನಿನ್ನ ತಲೆ ಹೀಗೆ ಓಡುತ್ತಾ?

"ಅಣ್ಣ, ಅಪ್ಪನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು. ನೀನೂ ಬಾ."

"ಯಾಕೆ?" ಎಂದ ಅಣ್ಣ. "ನಿನ್ನ ಪುಸ್ತಕದಲ್ಲಿ ಹದಿನಾರು ಬಂತಾ?"

"ಇಲ್ಲ. ಹದಿನೈದೇ." ಬಸ್ಸೊಂದು ಬಂದು, ನಿಂತು, ಹೋಯಿತು. ಅವಳು ಹತ್ತಲಿಲ್ಲ. ಎಲ್ಲವನ್ನೂ ಹೇಳಿದಳು, ಬೆಕ್ಕಿನ ಮಾತನ್ನೂ ಬಿಡದೆ. ಮಧ್ಯಾಹ್ನದ ಫೋನಿನಲ್ಲಿ ತಾನು ಹೌದು ಎಂದದ್ದನ್ನು ಮಾತ್ರ ಹೇಳಲಿಲ್ಲ.

"ಮನೇಲಿರೋ ಮಗಳಿಗೆ ಕಾಣ್ಲಿಲ್ಲ," ಎಂದ ಅಣ್ಣ. "ಅಪ್ಪನ ಮುಖನೇ ನೋಡದೋರು ಬರೆದು ತಿಳಿಸ್ಬೇಕಾಯ್ತು, ಅಲ್ವಾ? ಆರು ತಿಂಗಳು ಪುಟ್ಟಿ. ಆರು ತಿಂಗಳು ಹಾಳು ಮಾಡ್ದೆ."

"ಆರಲ್ಲ," ಎಂದಳು. ನಲವತ್ತಾರರ ಪುಟದ ಮೂಲೆಯಲ್ಲಿದ್ದ ತಾರೀಖು ಅವಳಿಗೆ ಬಾಯಿಪಾಠವಾಗಿಹೋಗಿತ್ತು. "ಒಂದು ವರ್ಷ ಎರಡು ತಿಂಗಳು."

ಅಣ್ಣ ಫೋನ್ ಇಟ್ಟುಬಿಟ್ಟ. ಸ್ವಲ್ಪ ಹೊತ್ತಿಗೆ ಮೆಸೇಜು ಬಂತು: 'ಶನಿವಾರ ಬರ್ತೀನಿ.'

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮಗಳು ಬಾಗಿಲು ತೆರೆದವಳೇ ಮತ್ತೆ ಓಡಿ ಹೋಗಿ ನೆಲದ ಮೇಲೆ ಹರಡಿದ್ದ ಬಣ್ಣದ ಪೆನ್ಸಿಲುಗಳ ನಡುವೆ ಕೂತಳು. ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ತೊಡೆಯ ಮೇಲೆ ಯಂತ್ರ. ನೋಡಿದರೆ ಯಾರೂ ಏನೂ ಹೇಳುವಂತಿರಲಿಲ್ಲ.

"ಬಂದ್ಯಾ ಪುಟ್ಟಿ? ನಮ್ಮ ಆಟದ ರಿವ್ಯೂ ಬಂತಾ? ಏನಂದ್ರು?"

ಅವಳು ಚಪ್ಪಲಿ ಬಿಡುತ್ತಾ, "ಬಂತಪ್ಪ. ಚೆನ್ನಾಗಿದೆ ಅಂದ್ರು," ಎಂದಳು.

"ಎಷ್ಟು ಕೊಟ್ರು?"

"ಹತ್ತಕ್ಕೆ ಏಳು."

"ಏಳೇನಾ?" ಅಪ್ಪ ಮುಖ ಸಣ್ಣ ಮಾಡಿಕೊಂಡ. "ನಾನಿದ್ದಿದ್ರೆ ಎಂಟು ಕೊಡ್ತಿದ್ದೆ. ಅವರೇನು ಲಾರಿಗೆ ಲೋಡು ಹಾಕಿದ್ದಾರಾ? ಕೂತ್ಕೊಂಡು ಬರಿಯೋಕೆ ಏನು."

ಅವಳು ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟಳು. ಕುದಿಯುವಷ್ಟರಲ್ಲಿ ಅಪ್ಪನ ದನಿ ಬಂತು. "ಪುಟ್ಟೀ, ರಿವ್ಯೂ ಬಂತಾ?"

"ಬಂತಪ್ಪ."

"ಎಷ್ಟು?"

"ಎಂಟೂವರೆ."

"ಪರವಾಗಿಲ್ಲ."

ಮಗಳು ಪೆನ್ಸಿಲು ಕಚ್ಚಿಕೊಂಡು ಅಮ್ಮನ ಮುಖ ನೋಡಿದಳು. "ಅಮ್ಮಾ, ಆಗ್ಲೇ ಏಳು ಅಂದೆ!" ಅವಳು ತುಟಿಯ ಮೇಲೆ ಬೆರಳಿಟ್ಟಳು. ಮಗಳು ಭುಜ ಕುಣಿಸಿ, "ತಾತ ನನ್ನನ್ನೂ ದಿನಾ ಹಿಂಗೇ ಕೇಳ್ತಾನೆ. ನಾನು ದಿನಾ ಬೇರೆ ಬೇರೆ ಹೇಳ್ತೀನಿ. ಅವನಿಗೆ ಗೊತ್ತೇ ಆಗಲ್ಲ," ಎಂದು ಬಣ್ಣ ಹಚ್ಚುವುದರಲ್ಲಿ ಮುಳುಗಿದಳು.

ದಿನಾ. ಅವಳು ಟೀ ಸೋಸಿದಳು. ಅರ್ಧ ಲೋಟದ ಹೊರಗೆ ಹೋಯಿತು. ಒರೆಸಿ, ಎರಡು ಲೋಟ ಹಿಡಿದು ಬಂದು ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಬಂತಾ ರಿವ್ಯೂ?"

"ಹತ್ತಕ್ಕೆ ಹತ್ತು ಅಪ್ಪ."

"ನಾನು ಹೇಳ್ಲಿಲ್ವಾ!" ಅಪ್ಪ ತೊಡೆ ತಟ್ಟಿದ. ಕಣ್ಣು ಮಿನುಗಿದವು. "ಮೂವತ್ನಾಲ್ಕು ವರ್ಷದ ಕೆಲಸ ಎಲ್ಲಿ ಹೋಗುತ್ತೆ?"

ಯಂತ್ರದಲ್ಲಿ ನೂರನೇ ಹಂತ ತೆರೆದಿತ್ತು. ಮೂರು ಪೆಟ್ಟಿಗೆಗಳಲ್ಲಿ ಒಂದು ಲಾರಿಯೊಳಗಿತ್ತು, ಇನ್ನೊಂದು ಗೋಡೆಗೆ ಅಂಟಿಕೊಂಡು ಯಾರೂ ತೆಗೆಯಲಾರದಂತೆ ನಿಂತಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತೋ. ಅವಳು ಕೈಚಾಚಿ ಯಂತ್ರ ತೆಗೆದುಕೊಂಡಳು. ಏನು ಮಾಡುತ್ತಿದ್ದೇನೆ ಎಂದು ತನಗೇ ಗೊತ್ತಿಲ್ಲದಂತೆ ಹಿಂದಕ್ಕೆ ಹಿಂದಕ್ಕೆ ಹೋಗಿ ನಲವತ್ತನಾಲ್ಕನ್ನು ತೆರೆದು, ಮತ್ತೆ ಅವನ ಕೈಗಿತ್ತಳು.

ನೂರರಲ್ಲಿ ಅದೊಂದು ಮಾತ್ರ ಅವಳು ಹೆಣೆದದ್ದಲ್ಲ. ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಾ ಅಪ್ಪ ಕರೆಂಟ್ ಬಿಲ್ಲಿನ ಬೆನ್ನಿಗೆ ಗೀಚಿಕೊಟ್ಟದ್ದು. ಎಂದೋ ಒಂದು ಮನೆ ಖಾಲಿ ಮಾಡಿಸಿ ಒಂದೇ ಲಾರಿಯಲ್ಲಿ ಸಾಗಿಸಿದ್ದನಂತೆ: ಎರಡು ಬೀರು, ಒಂದು ಹೊಲಿಗೆಯಂತ್ರ, ಹನ್ನೊಂದು ಗಾಜಿನ ಪೆಟ್ಟಿಗೆ. ಎಲ್ಲರೂ ಹಿಡಿಸುವುದಿಲ್ಲ ಎಂದಿದ್ದರಂತೆ. ಬೆಕ್ಕಿಗೆ ಯಂತ್ರ ಕೊಟ್ಟ ವಿಮರ್ಶಕನೂ ಈ ಒಂದು ಹಂತಕ್ಕೆ ಎರಡು ದಿನ ತೆಗೆದುಕೊಂಡೆ ಎಂದು ಬರೆದಿದ್ದ.

ಅಪ್ಪ ಯಂತ್ರವನ್ನು ಕಿಟಕಿಯ ಬೆಳಕಿಗೆ ಓರೆಮಾಡಿ ಹಿಡಿದ. ಹುಬ್ಬು ಗಂಟಿಕ್ಕಿದವು. ಹೆಬ್ಬೆರಳು ಗುಂಡಿಯ ಮೇಲೆ ಹೋಗಿ, ಒತ್ತದೆ, ಅಲ್ಲೇ ನಿಂತಿತು. ಕಣ್ಣು ಮಾತ್ರ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗುತ್ತಿತ್ತು. ಅವಳು ಗೋಡೆಯ ಗಡಿಯಾರದತ್ತ ತಿರುಗಿ, ತಿರುಗಿದ್ದು ಗೊತ್ತಾಗಿ, ಮುಖ ತಗ್ಗಿಸಿದಳು.

"ಯಾರು ಹಾಕಿದ್ದು ಈ ಲೋಡು?" ಎಂದ ಅಪ್ಪ.

ಅವಳು ಟೀ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಅವನ ಕೈಗೆಟುಕುವಂತೆ ಇಟ್ಟಳು.

"ಕೆಲಸ ಗೊತ್ತಿರೋನು," ಎಂದ, ತಲೆದೂಗುತ್ತಾ. "ನೋಡು, ಗಾಜೆಲ್ಲಾ ಹೆಂಗೆ ಆ ಮೂಲೆಗೆ ತಗೊಂಡಿದ್ದಾನೆ. ಭಾರಿ ಆಸಾಮಿ. ಯಾರಿವನು?"

"ನೀನೇ ಅಪ್ಪ."

"ಥೂ, ಹೋಗೇ." ಅಪ್ಪ ನಕ್ಕ. ತಮಾಷೆ ಮಾಡುವ ಮಕ್ಕಳಿಗೆ ನಗುವ ಹಾಗೆ, ಮೊಣಕೈಯಿಂದ ಅವಳನ್ನು ತಿವಿದು ನಕ್ಕ. ಆಮೇಲೆ ಮತ್ತೆ ಪರದೆಯತ್ತ ಬಾಗಿದ. ಟೀ ಆರುತ್ತಿತ್ತು. ಹೆಬ್ಬೆರಳು ಕದಲಲಿಲ್ಲ. ಪರದೆಯ ಮೇಲಿನ ಪುಟ್ಟ ಹಮಾಲ ಸ್ವಲ್ಪ ಹೊತ್ತು ಕಾದ. ಆಮೇಲೆ ಬೀರುವಿನ ಪಕ್ಕದ ಪೆಟ್ಟಿಗೆಯ ಮೇಲೆ ಕೂತು, ಟವೆಲು ತೆಗೆದು, ಮುಖ ಒರೆಸಿಕೊಂಡ.